ಬಳಪದ ಬಯಕೆ

ಜುಲೈ ೬, ಭಾನುವಾರ

‘ಸಭೆಯಲ್ಲಿ ನೆರೆದಿರುವ ಎಲ್ಲ ಕನ್ನಡ ಬಂಧುಗಳಿಗೆ ನಮಸ್ಕಾರ. ನಮಗಿಂತ ಮೊದಲು ಈ ನಗರಕ್ಕೆ ಬಂದು ನೆಲೆಸಿ, ಕನ್ನಡದ ದೀಪ ಆರದಂತೆ ಕಾಪಾಡಿದ ಹಿರಿಯರಿಗೆ ನನ್ನ ಹೃತ್ಪೂರ್ವಕ ಕೃತಜ್ಞತೆಗಳು.’

ಇಷ್ಟು ಬರೆದು ನಿಲ್ಲಿಸಿದ್ದೇನೆ. ನವೆಂಬರಿನಲ್ಲಿ ನಾಂಪಲ್ಲಿಯಲ್ಲಿ ನಮ್ಮ ಸಂಘದ ರಾಜ್ಯೋತ್ಸವ. ಮುಖ್ಯ ಭಾಷಣ ನನ್ನದು. ಆರಂಭವನ್ನು ಶಿವದೇವಿಗೆ ಓದಿ ಹೇಳಿದೆ. “ದೀಪ ಬಂತೇನ್ರಿ ಮತ್ತ? ನಿಮ್ಮ ಭಾಷಣದಾಗ ದೀಪ ಇಲ್ಲಂದ್ರ ಸಭಾದಾಗ ಕರೆಂಟ್ ಹೋಗತೈತೇನು?” ಎಂದಳು. ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನಿಗೆ ಮನೆಯಲ್ಲಿ ದೊರೆಯುವ ಗೌರವ ಇಷ್ಟೇ. ಅವಳು ಮಾಡಿದ ಶುಂಠಿ ಚಹಾ ಕುಡಿದು ಸಮಾಧಾನ ಮಾಡಿಕೊಂಡೆ.

ಸಂಜೆಯ ತರಗತಿ ಸೊಗಸಾಗಿ ನಡೆಯಿತು. ಪಕ್ಕದ ನಿವೇಶನದಲ್ಲಿ ಎದ್ದು ನಿಲ್ಲುತ್ತಿರುವ ಬಹುಮಹಡಿ ಕಟ್ಟಡಕ್ಕೆ ಯಾದಗಿರಿಯ ಕಡೆಯಿಂದ ದುಡಿಯಲು ಬಂದಿರುವ ಹೆಣ್ಣುಮಕ್ಕಳು ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಪಾಟಿ ಹಿಡಿದು ಕೂರುವುದನ್ನು ನೋಡಿದರೆ ನನಗೆ ಇಪ್ಪತ್ತು ವರ್ಷ ಕಡಿಮೆಯಾದಂತೆ ಅನಿಸುತ್ತದೆ. ಇರುವುದು ವಿಮಾನ ನಿಲ್ದಾಣದ ಮಗ್ಗುಲಿನ ಶಂಶಾಬಾದ್ ಆದ್ದರಿಂದ ವಿಮಾನ ನೆತ್ತಿಯ ಮೇಲೆ ಹಾದಾಗಲೆಲ್ಲ ಪಾಠ ನಿಲ್ಲಿಸಬೇಕು. ನನ್ನ ವಿದ್ಯಾರ್ಥಿನಿಯರು ಆ ಅವಕಾಶದಲ್ಲಿ ಇಡೀ ದಿನದ ಸುದ್ದಿ ಮಾತಾಡಿ ಮುಗಿಸುತ್ತಾರೆ.

ಇವರಲ್ಲಿ ಸುವರ್ಣಾ ಎಂಬ ಹುಡುಗಿ ಎಲ್ಲರಿಗಿಂತ ಚುರುಕು. ವಯಸ್ಸು ಇಪ್ಪತ್ತು. ಗಂಡ ಹುಲಗೇಶ ಗಾರೆ ಕೆಲಸದವನು. ಅತ್ತೆ ಗಂಗಾಬಾಯಿ ಕಂಬಕ್ಕೆ ಒರಗಿ ಕುಳಿತು ಸೊಸೆಯನ್ನೂ ನನ್ನನ್ನೂ ಸಮನಾಗಿ ಕಾಯುತ್ತಾಳೆ. ಪಾಟಿ ಮಾತ್ರ ಮುಟ್ಟುವುದಿಲ್ಲ. ಇಲ್ಲಿಗೆ ಬಂದ ಮೇಲೆ ಸುವರ್ಣಾ ಬೆಳ್ಳಗಾಗಿದ್ದಾಳೆ. ನಗರದ ನೀರು ಹಿಡಿಸಿರಬೇಕು.

ಒಂದೇ ಕೊರತೆ: ಕಳೆದ ವಾರ ಒಡೆದ ಬಳಪದ ಡಬ್ಬಿ ಆಗಲೇ ಅರ್ಧ ಖಾಲಿ.

ಜುಲೈ ೯, ಬುಧವಾರ

ಬಳಪಗಳು ಇನ್ನಷ್ಟು ಕರಗಿವೆ. ‘ವಿದ್ಯೆಯ ಸಾಧನಗಳನ್ನು ಕದಿಯುವವರು ತಮ್ಮ ಭವಿಷ್ಯವನ್ನೇ ಕದಿಯುತ್ತಾರೆ’ ಎಂಬ ವಿಷಯವಾಗಿ ದೀರ್ಘವಾಗಿ ಮಾತನಾಡಿದೆ. ನಡುವೆ ಬಂದ ಮೂರು ವಿಮಾನಗಳೂ ನನ್ನನ್ನು ತಡೆಯಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಎಲ್ಲರೂ ತಲೆ ತಗ್ಗಿಸಿದರೆ ಕಳ್ಳರನ್ನು ಗುರುತಿಸುವುದು ಹೇಗೆ?

ಭಾನುವಾರ ಬೇಗ ಇಳಿದು ಹೋಗಿ ಕಾರಿನ ಮರೆಯಲ್ಲಿ ಕುಳಿತು ನೋಡುವುದೆಂದು ನಿರ್ಧರಿಸಿದ್ದೇನೆ.

ಜುಲೈ ೧೩, ಭಾನುವಾರ

ಸಿಕ್ಕಿತು!

ಎದುರುಮನೆಯವರ ಕಾರಿನ ಹಿಂದೆ ಮಂಡಿಯೂರಿ ಕುಳಿತಿದ್ದೆ. ಅವರ ಮಗಳು ಕಂಡು, “ಅಂಕುಲ್, ಏಮೈಂದಿ, ಪಡಿಪೋಯಾರಾ?” ಎಂದು ಗಾಬರಿಯಿಂದ ಕೇಳಿದಳು. ಬಿದ್ದಿಲ್ಲವಮ್ಮ, ಪತ್ತೇದಾರಿ ನಡೆಸಿದ್ದೇನೆ ಎಂದು ತೆಲುಗಿನಲ್ಲಿ ವಿವರಿಸುವಷ್ಟರಲ್ಲಿ ಡಬ್ಬಿಯ ಕಡೆಯಿಂದ ‘ಕಟಕ್’ ಎಂಬ ಸದ್ದು ಕೇಳಿಬಂತು. ಎದ್ದು ನೋಡಿದರೆ ಸುವರ್ಣಾ! ಕೈಯಲ್ಲಿ ಅರ್ಧ ಬಳಪ, ತುಟಿಯ ಅಂಚಿನಲ್ಲಿ ಬಿಳಿಯ ಪುಡಿ. ಉಳಿದರ್ಧ ಬಾಯಲ್ಲಿ.

“ಸುವರ್ಣಾ! ಅದು ಇರುವುದು ಬರೆಯುವುದಕ್ಕೆ!”

“ಬರಿಯಾಕಂತ ಒಂದು ತಗದಿಟ್ಟೀನ್ರಿ, ಮಾಸ್ತರ್ರ,” ಎಂದಳು, ನುಂಗಿಕೊಂಡು.

ಗಂಗಾಬಾಯಿ ಸೆರಗು ಸರಿಪಡಿಸಿಕೊಳ್ಳುತ್ತ ಸೊಸೆಗೂ ನನಗೂ ನಡುವೆ ಬಂದು ನಿಂತಳು. “ಬೈಯಬ್ಯಾಡ್ರಿ. ಅದು ಬಯಕಿ. ಬಸಿರ ಹೆಂಗಸಿನ ಬಯಕಿ ತೀರಸ್ಲಿಲ್ಲಂದ್ರ ಹುಟ್ಟೂ ಕೂಸಿನ ಕಿವಿ ಸೋರತಾವ. ಆ ಪಾಪ ನಿಮಗ ಬೇಕೇನ್ರಿ?”

ಬಸಿರು? ನಾನು ಕಣ್ಣು ಬಿಟ್ಟುಕೊಂಡು ನಿಂತೆ. ಮೆಟ್ಟಿಲಿಳಿದು ಬರುತ್ತಿದ್ದ ಶಿವದೇವಿ ಚಹಾದ ತಟ್ಟೆಯನ್ನು ಕೆಳಗಿಟ್ಟು ನಗತೊಡಗಿದಳು. “ಐದು ತಿಂಗಳ ಬಸಿರ್ರಿ ಆಕಿ! ಪಾಟಿ ಮ್ಯಾಲ ಒತ್ತಕ್ಷರ ಬಿಟ್ಟಿದ್ದು ದೂರದಿಂದ ಕಾಣತೈತಿ, ಎದುರಿಗಿರೋ ಹೊಟ್ಟಿ ಕಾಣಂಗಿಲ್ಲ ನಿಮಗ!”

ಎಲ್ಲ ಹೆಣ್ಣುಮಕ್ಕಳೂ ನಕ್ಕರು. ನಾನೂ ನಕ್ಕೆ. ಆ ಬಳಿಕ ಅಂಗಡಿಗೆ ಹೋಗಿ ಹೊಸ ಬಳಪದ ಡಬ್ಬಿಯೊಂದನ್ನು ತಂದು ಸುವರ್ಣಾಳ ಮಡಿಲಲ್ಲಿಟ್ಟೆ. ಬಯಕೆ ತೀರಲಿ, ತರಗತಿಯ ಬಳಪವೂ ಉಳಿಯಲಿ. ಎರಡೂ ಸಮಸ್ಯೆಗಳಿಗೆ ಒಂದೇ ಪರಿಹಾರ. ಗಂಗಾಬಾಯಿ ಮೊದಲ ಬಾರಿಗೆ ನನ್ನನ್ನು ಮೆಚ್ಚಿದಂತೆ ಕಂಡಳು.

ಜುಲೈ ೧೫, ಮಂಗಳವಾರ

ಈ ಸ್ವಾರಸ್ಯವನ್ನು ಯಾರಿಗಾದರೂ ಹೇಳದೆ ನಿದ್ದೆ ಬರುವಂತಿರಲಿಲ್ಲ. ನಿನ್ನೆ ಕಾವ್ಯಾಳಿಗೆ ಫೋನ್ ಮಾಡಿದೆ. ನನ್ನ ಬಳಿ ಅ ಆ ಕಲಿತ ಬೀದರಿನವರ ಮಗಳು. ಈಗ ಇಲ್ಲಿನ ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರು. ಬಳಪದ ಡಬ್ಬಿ ಕೊಟ್ಟ ಘಟ್ಟಕ್ಕೆ ಬಂದಾಗ ಅವಳು ನಗುತ್ತಾಳೆಂದು ಕಾದೆ. ನಗಲಿಲ್ಲ.

“ಸರ್, ಆಕಿ ಬೆಳ್ಳಗಾಗ್ಯಾಳ ಅಂದ್ರಲ್ಲ. ತುಟಿ ಯಾವ ಬಣ್ಣ ಐತಿ?”

ನಾನು ನೋಡಿರಲಿಲ್ಲ.

“ನಾಳೆ ಕರ್ಕೊಂಡು ಬರ್ರಿ. ಅತ್ತಿನ್ನೂ ಕರ್ಕೊಂಡು ಬರ್ರಿ.”

ಇಂದು ಹೋದೆವು. ಕಾವ್ಯಾ ಸುವರ್ಣಾಳ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನನಗೂ ತೋರಿಸಿದಳು. ಕೆಂಪಿರಬೇಕಾದ ಜಾಗ ಸುಣ್ಣ ಬಳಿದಂತಿತ್ತು. ಬೆರಳು ಚುಚ್ಚಿ ಪರೀಕ್ಷಿಸಿದರು. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಏಳಕ್ಕೆ ಅಂಟಿಕೊಂಡಿದೆ. ಬಳಪ, ಮಣ್ಣು, ಬೂದಿ ತಿನ್ನಬೇಕೆನಿಸುವುದು ಎಷ್ಟೋ ಸಲ ಮೈಯಲ್ಲಿ ಕಬ್ಬಿಣದ ಅಂಶ ತೀರಿದೆ ಎಂಬುದರ ಸುಳಿವಂತೆ. ನಾನು ಆ ಸುಳಿವನ್ನು ಡಬ್ಬಿಗಟ್ಟಲೆ ಉಡುಗೊರೆ ಕೊಟ್ಟಿದ್ದೆ.

“ಹಿಂಗ ಬಿಟ್ರ ಏನಾಗತೈತಿ?” ಎಂದು ಸುವರ್ಣಾಳೇ ಕೇಳಿದಳು.

ಕಾವ್ಯಾ ಮುಚ್ಚಿಡಲಿಲ್ಲ. “ಕೂಸು ಬೆಳಿಯೂದು ನಿನ್ನ ರಕ್ತದಿಂದ. ಅದು ಸಾಲಲಿಲ್ಲಂದ್ರ ಕೂಸು ದಿನ ತುಂಬೂದ್ರೊಳಗ ಹುಟ್ಟಬಹುದು, ತೂಕ ಕಡಿಮಿ ಇರಬಹುದು. ಹಡಿಯುವಾಗ ಎಲ್ಲಾರಿಗೂ ರಕ್ತ ಹೋಗತೈತಿ. ಗಟ್ಟಿ ಇದ್ದಾಕಿ ತಡ್ಕೋತಾಳ. ನಿನಗ ತಡ್ಕೊಳ್ಳಾಕ ಆಗಂಗಿಲ್ಲ.”

ಮಾತ್ರೆ ಕೊಟ್ಟಳು. ಗಂಗಾಬಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಕಬ್ಬಿಣದ್ದಾ? ಕೂಸು ಕಪ್ಪಾಗತೈತಿ. ದಪ್ಪನೂ ಆಗತೈತಿ. ಸಣ್ಣ ಕೂಸು ಇದ್ರ ಸಲೀಸ ಹೊರಗ ಬರತೈತಿ,” ಎಂದು ತೀರ್ಪು ಕೊಟ್ಟಳು.

“ಮಾತ್ರೆ ಸುವರ್ಣಾಳ ಹೊಟ್ಟೆ ಸೇರುವ ಹೊಣೆ ನನ್ನದು,” ಎಂದು ನಾನು ಅಲ್ಲಿಯೇ ಘೋಷಿಸಿದೆ.

ಜುಲೈ ೧೭, ಗುರುವಾರ

ವ್ಯವಸ್ಥೆ ಸಿದ್ಧವಾಯಿತು. ಇನ್ನು ಮುಂದೆ ತರಗತಿ ವಾರವಿಡೀ. ಪ್ರತಿ ಸಂಜೆ ಪಾಠಕ್ಕೆ ಮೊದಲು ಸುವರ್ಣಾ ನನ್ನ ಕಣ್ಣೆದುರಿಗೇ ಮಾತ್ರೆ ನುಂಗಬೇಕು. ಮೊದಲ ದಿನ ನೀರಿನೊಡನೆ ವಾಕರಿಸಿದಳು. ಶಿವದೇವಿಯ ಶುಂಠಿ ಚಹಾ ತರಿಸಿ ಕೊಟ್ಟೆ. ಬಿಸಿಬಿಸಿ ಚಹಾದೊಡನೆ ಮಾತ್ರೆ ಸಲೀಸಾಗಿ ಇಳಿಯಿತು. ಸಣ್ಣ ಉಪಾಯವೇ ಆದರೂ ಶಿಕ್ಷಕನ ಅನುಭವ ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ. ನಾನೂ ಜೊತೆಗೆ ಒಂದು ಕಪ್ಪು ಕುಡಿದು ಪ್ರೋತ್ಸಾಹಿಸಿದೆ.

ಜುಲೈ ೨೭, ಭಾನುವಾರ

ಇಂದು ‘ರಕ್ತ’ ಎಂಬ ಪದ ಕಲಿಸಿದೆ. ಸುವರ್ಣಾ ‘ರಕತ’ ಎಂದು ಬರೆದಳು.

“ತ ಕೆಳಗೆ ಇಳಿಯಬೇಕಮ್ಮ,” ಎಂದೆ.

“ಡಾಕ್ಟರ್ ಬಾಯಿ ರಕ್ತ ಮ್ಯಾಲ ಏರ್ಸು ಅಂತಾರ, ನೀವು ಕೆಳಗ ಇಳ್ಸು ಅಂತೀರಿ. ಯಾರ ಮಾತು ಕೇಳ್ಲಿರಿ ನಾ?”

ಈ ಹುಡುಗಿಗೆ ಶಾಲೆ ಸಿಕ್ಕಿದ್ದರೆ! ನಕ್ಕು ನಕ್ಕು ಕನ್ನಡಕ ಒರೆಸಿಕೊಂಡೆ.

ತರಗತಿ ಮುಗಿದ ಮೇಲೆ ಗಂಗಾಬಾಯಿ ಕಂಬದ ಬಳಿಯೇ ಕುಳಿತಿದ್ದಳು. ಸೊಸೆಗೆ ರೊಟ್ಟಿ ಒಂದೇ ಹಾಕುತ್ತಾಳೆ ಎಂದು ಇತರರಿಂದ ಕೇಳಿದ್ದೆ. ಅದನ್ನೆತ್ತಿ ಬುದ್ಧಿ ಹೇಳಲು ತೊಡಗಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, “ನನಗೂ ಒಬ್ಬಾಕಿ ಮಗಳಿದ್ಳ್ರಿ, ಸಾವಿತ್ರಿ ಅಂತ,” ಎಂದಳು. “ಹಡಿಯಾಕ ಅಂತ ತೌರಿಗೆ ಬಂದಾಕಿ ನನ್ನ ಕೈಯಾಗ ಹೋದ್ಳು. ರಕ್ತ ನಿಲ್ಲಲೇ ಇಲ್ಲ. ಕೂಸು ದಪ್ಪ ಇತ್ತು, ಅದಕ್ಕ ಹಂಗಾತು ಅಂದ್ರು ಎಲ್ಲಾರು. ನಾನೇ ತುಪ್ಪ ಹಾಕಿ ಹಾಕಿ ಉಣ್ಸಿದ್ದೆ. ಈಕಿಗೆ ಹೊಟ್ಟಿ ತುಂಬ ಹಾಕು ಅಂತೀರಲ್ಲ, ಕೈ ಏಳಬೇಕಲ್ರಿ ಮಾಸ್ತರ್ರ.”

ವಿಮಾನವೊಂದು ಹಾದುಹೋಯಿತು. ಅದು ದಾಟಿದ ಮೇಲೆ ಬುದ್ಧಿಮಾತು ಬಿಟ್ಟು ಅವಳ ಪಕ್ಕದಲ್ಲೇ ಕುಳಿತೆ.

ಆಗಸ್ಟ್ ೩, ಭಾನುವಾರ

ಬರೆಯಲು ಸಂಕೋಚವಾಗುವ ವಿಷಯ. ಮಾತ್ರೆ ತೆಗೆದುಕೊಂಡಾಗಿನಿಂದ ಸುವರ್ಣಾಳ ಬೆಳಗಿನ ಕಾರ್ಯದ ಬಣ್ಣ ಕಪ್ಪಾಗಿದೆಯೆಂದೂ, ಒಳಗೆ ಕೂಸು ಕಪ್ಪಾಗುತ್ತಿರುವುದಕ್ಕೆ ಇದೇ ಸಾಕ್ಷಿಯೆಂದೂ ಗಂಗಾಬಾಯಿ ತರಗತಿಯ ನಡುವೆಯೇ ಸಾರಿದಳು. ನಾನು ಬೋರ್ಡಿನ ಕಡೆ ತಿರುಗಿ ಅನಗತ್ಯವಾಗಿ ಒರೆಸತೊಡಗಿದೆ. ಶಿವದೇವಿ ಕಾವ್ಯಾಳಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟಳು.

“ಕಬ್ಬಿಣದ ಗುಳಿಗಿ ತಗೊಂಡ್ರ ಅದು ಕಪ್ಪಾಗೂದೇ, ಅಮ್ಮಾ. ಕೂಸಿನ ಬಣ್ಣಕ್ಕೂ ಅದಕ್ಕೂ ದಾರಿನೇ ಬ್ಯಾರೆ!”

ಹೆಣ್ಣುಮಕ್ಕಳ ನಗೆಗೆ ಮೇಲಿನ ಮಹಡಿಯವರು ಬಾಲ್ಕನಿಗೆ ಬಂದು ನೋಡಿದರು.

ಭಾಷಣ ಮುಂದುವರಿಸಬೇಕು. ಬರುವ ವಾರ ಖಂಡಿತ.

ಆಗಸ್ಟ್ ೧೦, ಭಾನುವಾರ

ಮಾತ್ರೆ ತಪ್ಪಿಲ್ಲ. ಚಹಾವೂ ತಪ್ಪಿಲ್ಲ. ಮುಂದಿನ ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿನಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುವುದು ನಿಶ್ಚಿತ.

ಆಗಸ್ಟ್ ೧೯, ಮಂಗಳವಾರ

ಅನುತ್ತೀರ್ಣ.

ಹಿಮೋಗ್ಲೋಬಿನ್ ಇದ್ದಲ್ಲಿಯೇ ಇದೆ. ಕಾವ್ಯಾ ಮುಖ ಗಂಟಿಕ್ಕಿ, “ಗುಳಿಗಿ ಖರೇ ತಗೊಳ್ಳಾಕತ್ತಿಯೇನು?” ಎಂದು ಸುವರ್ಣಾಳನ್ನು ಕೇಳಿದಳು. ನನಗೆ ಅವಮಾನವಾಯಿತು. “ಒಂದು ದಿನವೂ ತಪ್ಪಿಲ್ಲ. ನಾನೇ ನಿಂತು ನುಂಗಿಸಿದ್ದೇನೆ,” ಎಂದೆ.

“ಯಾವುದ್ರ ಜೋಡಿ, ಸರ್?”

“ಚಹಾದ ಜೊತೆ. ಶುಂಠಿ ಹಾಕಿದ್ದು.”

ಕಾವ್ಯಾ ಹಣೆಗೆ ಕೈ ಹಚ್ಚಿಕೊಂಡಳು. ಅ ಬರೆಯಲು ಹೇಳಿದರೆ ಆ ಬರೆಯುತ್ತಿದ್ದ ಮಗುವಿನ ಮುಂದೆ ನಾನು ಹಾಗೆ ಕುಳಿತಿದ್ದುದು ನೆನಪಾಯಿತು. “ಸರ್, ಚಹಾದೊಳಗಿನ ಒಗರು ಕಬ್ಬಿಣಾನ ಹೊಟ್ಟಿಯೊಳಗ ಹಿಡಕೊಂಡು ಕೂತುಬಿಡತೈತಿ. ರಕ್ತಕ್ಕ ಬಿಡಂಗೇ ಇಲ್ಲ. ಗುಳಿಗಿ ತಗೊಳ್ಳೋ ಹೊತ್ತಿನ್ಯಾಗ ಚಹಾ ಹತ್ರನೂ ಬರಬಾರದು. ನಿಂಬೆಹಣ್ಣಿನ ನೀರು ಕೊಡ್ಬೇಕಿತ್ತು. ನನಗೂ ಹೇಳೂದು ಬಿಟ್ಟುಹೋತು.”

ದವಾಖಾನೆಯ ಬೆಂಚಿನ ಮೇಲೆ ಗಂಗಾಬಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ನಗುವುದನ್ನು ನಾನು ನೋಡಿದ್ದು ಇದೇ ಮೊದಲು. “ನಾ ಬ್ಯಾಡಂದ್ರ ನನಗ ಬುದ್ಧಿ ಹೇಳಿದ್ರಿ! ನೀವು ಕೊಟ್ಟೂ ಕೊಡಲಾರದಂಗ ಮಾಡಿದ್ರಲ್ರಿ ಮಾಸ್ತರ್ರ!”

ಕಾವ್ಯಾ ನಗಲಿಲ್ಲ. ಆರನೆಯ ತಿಂಗಳು ನಡೆಯುತ್ತಿದೆ, ಮಾತ್ರೆಯನ್ನು ನೆಚ್ಚಿ ಕೂರುವಷ್ಟು ಸಮಯವಿಲ್ಲ, ದೊಡ್ಡ ಆಸ್ಪತ್ರೆಯಲ್ಲಿ ಸಲೈನಿನ ಮೂಲಕ ಕಬ್ಬಿಣದ ಔಷಧ ಕೊಡಿಸಬೇಕು ಎಂದಳು. ಗಂಗಾಬಾಯಿಯ ನಗು ಅಲ್ಲಿಗೆ ನಿಂತಿತು. ಅವಳು ಸಾವಿತ್ರಿಯ ಕಥೆಯನ್ನು ಮೊದಲಿನಿಂದ ಹೇಳಿದಳು. ಕಾವ್ಯಾ ಪೂರ್ತಿ ಕೇಳಿ, “ನಾ ಆಕಿನ್ನ ನೋಡಿಲ್ಲಮ್ಮಾ, ಹಿಂಗ ಆತು ಅಂತ ಹೇಳಾಕ ಬರಂಗಿಲ್ಲ. ಒಂದು ಕೇಳ್ತೀನಿ. ಆಕಿ ಮಣ್ಣು ತಿಂತಿದ್ಳಾ?” ಎಂದು ಕೇಳಿದಳು.

ಗಂಗಾಬಾಯಿ ತನ್ನ ಕೈ ನೋಡಿಕೊಂಡಳು.

“ಮನಿ ಗ್ವಾಡಿ ಮಣ್ಣು,” ಎಂದಳು. “ಬಯಕಿ ಅಂತ ನಾನೇ ಕೆರದು ಕೊಡ್ತಿದ್ದೆ.”

ಆಟೋದಲ್ಲಿ ಹಿಂದಿರುಗಿ ಇಳಿಯುವಾಗ ಗಂಗಾಬಾಯಿ ಸೊಸೆಯ ಕೈ ಹಿಡಿದು ಇಳಿಸಿ, ನನ್ನ ಕಡೆ ತಿರುಗದೆಯೇ ಕೇಳಿದಳು: “ಸಲೈನ್ ಯಾವತ್ತು ಅಂದ್ರು?”

ಆಗಸ್ಟ್ ೨೦, ಬುಧವಾರ

ಚಹಾ ಕುಡಿಯಲಿಲ್ಲ. ತಲೆ ನೋಯುತ್ತಿದೆ.

ಆಗಸ್ಟ್ ೨೧, ಗುರುವಾರ

ಇಂದೂ ಕುಡಿಯಲಿಲ್ಲ. ನಾನೇನು ಬಸಿರಲ್ಲ ಎಂದು ಶಿವದೇವಿ ನೆನಪಿಸಿದಳು. ವಿದ್ಯಾರ್ಥಿನಿ ಬಿಟ್ಟಿರುವಾಗ ಗುರು ಕುಡಿಯುವುದು ಶೋಭೆಯಲ್ಲ.

ಸೆಪ್ಟೆಂಬರ್ ೨೮, ಭಾನುವಾರ

ಬಹಳ ದಿನಗಳ ಮೇಲೆ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಓಡಾಡುವುದರಲ್ಲಿ ಬರವಣಿಗೆ ಹಿಂದೆ ಬಿತ್ತು. ಸಲೈನ್ ಏರಿಸುವ ದಿನಗಳಲ್ಲಿ ಸುವರ್ಣಾ ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು ಇನ್ನೊಂದು ಕೈಯಿಂದ ಪಾಟಿಯ ಮೇಲೆ ಬರೆಯುತ್ತಿದ್ದಳು. ನರ್ಸಮ್ಮನವರಿಗೂ ನಾಲ್ಕು ಕನ್ನಡ ಅಕ್ಷರ ಬರುವಂತಾಗಿದೆ. ಹಿಮೋಗ್ಲೋಬಿನ್ ಹತ್ತನ್ನು ಸಮೀಪಿಸಿದೆ.

ಇಂದು ಪಾರ್ಕಿಂಗಿನಲ್ಲಿಯೇ ಸುವರ್ಣಾಳ ಕುಬಸ, ಅಂದರೆ ಸೀಮಂತ. ಹಸಿರು ಬಳೆ, ಹೊಸ ಕುಪ್ಪಸ, ಉಡಿ ತುಂಬುವ ಹಾಡು. ಮೇಲಿನ ಮನೆಗಳ ತೆಲುಗಿನ ಹೆಂಗಸರೂ ಆರತಿ ಹಿಡಿದು ಬಂದರು. ಊಟಕ್ಕೆ ಶೇಂಗಾ ಹೋಳಿಗೆ, ಸೊಪ್ಪಿನ ಪಲ್ಯ, ಮೊಳಕೆ ಕಾಳು. ನಿಂಬೆಹಣ್ಣು ಪ್ರತಿ ಎಲೆಯಲ್ಲೂ. ಗಂಗಾಬಾಯಿ ಸೊಸೆಯ ಎಲೆಗೆ ಒಂದು ಹೋಳಿಗೆ ಹಾಕಿದಳು. ಅವಳ ಕೈ ಬುಟ್ಟಿಯ ಮೇಲೆ ಸ್ವಲ್ಪ ತಡೆಯಿತು. ಆಮೇಲೆ ಎರಡನೆಯದನ್ನೂ ಹಾಕಿದಳು.

“ಸಾಕ್ರಿ ಅತ್ತಿ!”

“ಸುಮ್ಮ ಉಣ್ಣ. ಬಳಪ ತಿನ್ನುವಾಗ ಸಾಕು ಅಂದಿದ್ದೇನು?”

ಊಟವಾದ ಮೇಲೆ ಸುವರ್ಣಾ ನಾನು ಕೊಟ್ಟಿದ್ದ ಬಳಪದ ಡಬ್ಬಿಯನ್ನು ಮರಳಿಸಿದಳು. ಇನ್ನೂ ಮುಕ್ಕಾಲು ಉಳಿದಿದೆ. “ಈಗ ಅದರ ವಾಸನಿ ಬಂದ್ರೂ ವಾಕರಿಕಿ ಬರತೈತ್ರಿ. ಬರಿಯಾಕಷ್ಟ ಇಟ್ಕೋರಿ,” ಎಂದಳು. ನನ್ನ ಕೈಯಿಂದ ಹೋದ ಯಾವ ಬಹುಮಾನವೂ ಮರಳಿ ಬಂದಾಗ ನನಗೆ ಇಷ್ಟು ಸಂತೋಷವಾಗಿರಲಿಲ್ಲ.

ನವೆಂಬರ್ ೯, ಭಾನುವಾರ

ನಾಂಪಲ್ಲಿಗೆ ಹೊರಟು ಕ್ಯಾಬಿನಲ್ಲಿ ಕುಳಿತಿದ್ದೆ. ಜರಿಯಂಚಿನ ಧೋತರ, ಹೆಗಲ ಮೇಲೆ ಶಲ್ಯ. ಹೆದ್ದಾರಿಗೆ ಸೇರುವಷ್ಟರಲ್ಲಿ ಗಂಗಾಬಾಯಿಯ ಫೋನ್: “ಮಾಸ್ತರ್ರ, ನೀರು ಹೋಗ್ಯಾವು. ದಿನ ಇನ್ನೂ ತುಂಬಿಲ್ಲ. ಹುಲಗೇಶ ನಡುಗಾಕತ್ತಾನ. ನೀವು ಬರ್ರಿ.”

ಗಾಡಿ ತಿರುಗಿಸಲು ಹೇಳಿದೆ. ಶಿವದೇವಿ ಆಗಲೇ ದೊಡ್ಡ ಆಸ್ಪತ್ರೆಯಲ್ಲಿದ್ದಳು; ಕಾವ್ಯಾಳೂ ಬಂದು ಹೆರಿಗೆ ಕೋಣೆ ಸೇರಿದ್ದಳು. ಕಾವ್ಯಾ ಮೊದಲೇ ಹೇಳಿಟ್ಟಿದ್ದರಿಂದ ಎರಡು ಬಾಟಲಿ ರಕ್ತ ಸಿದ್ಧವಿತ್ತು; ಹುಲಗೇಶನೂ ಅವನ ಜೊತೆಯ ಗಾರೆಯವರೂ ಕಳೆದ ವಾರ ರಕ್ತ ಕೊಟ್ಟು ಬಂದಿದ್ದರು. ಆದರೂ ಬಾಗಿಲು ಮುಚ್ಚಿದ ಮೇಲೆ ಸಿದ್ಧತೆಯ ನೆನಪು ಯಾರಿಗೂ ಧೈರ್ಯ ಕೊಡುವುದಿಲ್ಲ. ಗಂಗಾಬಾಯಿ ಗೋಡೆಗೆ ಆನಿಕೊಂಡು ನಿಂತಿದ್ದಳು. ಕೂರಲು ಹೇಳಿದರೆ, “ಸಾವಿತ್ರಿ ಹೊತ್ನ್ಯಾಗ ಕೂತಿದ್ದೆ,” ಎಂದಳು.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಶಿವಶರಣಪ್ಪನವರ ಫೋನ್ ಬಂತು. ಸಭೆ ತುಂಬಿದೆ, ಬರಲಾಗದಿದ್ದರೆ ಭಾಷಣದ ಪ್ರತಿಯನ್ನಾದರೂ ಫೋಟೊ ತೆಗೆದು ಕಳಿಸಿ, ಓದಿಸುತ್ತೇವೆ ಎಂದರು. ಚೀಲದಿಂದ ಕಾಗದ ತೆಗೆದೆ. ನಮಸ್ಕಾರ, ಹಿರಿಯರಿಗೆ ಕೃತಜ್ಞತೆ. ಅದರ ಕೆಳಗೆ ಖಾಲಿ. ನಾಲ್ಕು ತಿಂಗಳು ಎಲ್ಲಿ ಹೋದವೋ ತಿಳಿಯದು. ಎರಡು ವಾಕ್ಯಗಳನ್ನೇ ಕಳಿಸಿದೆ. ಸಂಘದ ಇತಿಹಾಸದಲ್ಲಿ ಇಷ್ಟು ಚಿಕ್ಕ ಭಾಷಣ ಯಾರೂ ಕೇಳಿರಲಿಲ್ಲವೆಂದೂ, ಚಪ್ಪಾಳೆ ಜೋರಾಗಿಯೇ ಬಿತ್ತೆಂದೂ ಆಮೇಲೆ ತಿಳಿಯಿತು.

ಮಧ್ಯಾಹ್ನ ಒಳಗಿನಿಂದ ಅಳು ಕೇಳಿಸಿತು. ಹೆಣ್ಣು ಮಗು. ಆದರೆ ಕಾವ್ಯಾ ಹೊರಬರಲಿಲ್ಲ. ನರ್ಸ್ ಒಬ್ಬಳು ಓಡಿಬಂದು ಓಡಿಹೋದಳು. ಗಂಗಾಬಾಯಿ ನನ್ನ ಶಲ್ಯದ ತುದಿಯನ್ನು ಹಿಡಿದುಕೊಂಡಿದ್ದಳು. ಅದು ತನ್ನ ಸೆರಗೆಂದೇ ಭಾವಿಸಿದ್ದಳೆಂದು ತೋರುತ್ತದೆ.

ಕೊನೆಗೆ ಬಾಗಿಲು ತೆರೆಯಿತು.

“ರಕ್ತ?” ಗಂಗಾಬಾಯಿ ಕೇಳಿದ್ದು ಅದೊಂದೇ.

“ಹೋತಮ್ಮಾ. ಸ್ವಲ್ಪ ಹೆಚ್ಚೇ ಹೋತು. ನಿಲ್ಲಿಸಿದ್ವಿ,” ಎಂದಳು ಕಾವ್ಯಾ. ಬಳಿಕ ಮುಖಗವಸು ತೆಗೆದು ನಕ್ಕಳು. “ಬಾಟಲಿ ಹಚ್ಚಾಕ ಬೇಕಾಗ್ಲಿಲ್ಲ. ತಡ್ಕೊಳ್ಳುವಷ್ಟು ರಕ್ತ ಆಕಿ ಹತ್ರನೇ ಇತ್ತು.”

ಗಂಗಾಬಾಯಿ ಆಗ ಕುಳಿತಳು.

ಮಗುವಿನ ತೂಕ ಎರಡೂವರೆ ಕಿಲೋಗೆ ತುಸು ಕಡಿಮೆ. ಉಸಿರಾಟ ಚೆನ್ನಾಗಿದೆ, ತಾಯಿಯ ಎದೆಗೆ ಒತ್ತಿ ಬೆಚ್ಚಗಿಟ್ಟುಕೊಂಡರೆ ಸಾಕು ಎಂದರು. ಅಜ್ಜಿ ಮೊಮ್ಮಗಳನ್ನು ತಿರುಗಿಸಿ ನೋಡಿ ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡಳು: “ಇಷ್ಟ ಸಣ್ಣ ಐತಲ್ರಿ! ಇನ್ನಷ್ಟ ದಪ್ಪ ಇರಬೇಕಿತ್ತು!”

ಬಣ್ಣದ ವಿಷಯ ಯಾರೂ ಎತ್ತಲಿಲ್ಲ.

ನವೆಂಬರ್ ೩೦, ಭಾನುವಾರ

ಪಕ್ಕದ ಕಟ್ಟಡಕ್ಕೆ ಹೊಸ ತಂಡ ಬಂದಿದೆ. ಬಸಿರಿಯರೂ ಅವರ ಅತ್ತೆಯರೂ ಸೇರಿ ಪಾರ್ಕಿಂಗಿನಲ್ಲಿ ಜಾಗ ಸಾಲದಷ್ಟು ಜನ. ಕಾವ್ಯಾ ಬೆರಳು ಚುಚ್ಚುವ ಪೆಟ್ಟಿಗೆ ತಂದಿದ್ದಳು. ಶಿವದೇವಿ ಕೊಡದ ತುಂಬ ನಿಂಬೆ ಪಾನಕ ಮಾಡಿಟ್ಟಿದ್ದಳು. ಬಾಣಂತಿ ಕೋಣೆ ಬಿಟ್ಟು ಬರಬಾರದೆಂದು ಸುವರ್ಣಾ ಒಂದು ಪಾಟಿಯನ್ನು ಕಳಿಸಿದ್ದಳು. ಅದರ ಮೇಲೆ ‘ರಕ್ತ’ ಎಂದಿತ್ತು. ತ ಕೆಳಗೆ ಇಳಿದಿತ್ತು. ಅದನ್ನು ಬೋರ್ಡಿನ ಪಕ್ಕದಲ್ಲಿ ನಿಲ್ಲಿಸಿದೆ.

ಎದ್ದು ನಿಂತು ಕೈ ಮುಗಿದೆ. “ಇಲ್ಲಿ ನೆರೆದಿರುವ ಎಲ್ಲ ತಾಯಂದಿರಿಗೂ ತಾಯಿಯಾಗುವವರಿಗೂ ನಮಸ್ಕಾರ. ಮೊದಲಿಗೆ ಈ ಸಭೆಯ ಹಿರಿಯರಾದ ಗಂಗಾಬಾಯಿಯವರಿಗೆ ನನ್ನ ಕೃತಜ್ಞತೆಗಳು. ಅವರು...”

ಮೂರನೆಯ ಸಾಲಿನಲ್ಲಿ ಸಪ್ನಾ ಎಂಬ ಹೊಸ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಸೆರಗು ಜಾರಿತು. ತುಟಿಯ ಅಂಚಿನಲ್ಲಿ ಬಿಳಿಯ ಪುಡಿ. ನಾನು ಅತ್ತ ಹೆಜ್ಜೆ ಇಡಬೇಕೆನ್ನುವಷ್ಟರಲ್ಲಿ ಗಂಗಾಬಾಯಿ ಎದ್ದಿದ್ದಳು.

“ಮಾಸ್ತರ್ರ, ಭಾಷಣ ಸಾಕ್ರಿ. ಏ ಸಪ್ನಾ, ಬಾಯಾಗಿಂದು ಉಗುಳು, ಮುಂದ ಬಾ, ಬೆರಳ ಕೊಡು. ಯಾರೂ ಬೈಯಂಗಿಲ್ಲ, ಬಾ ನಮ್ಮವ್ವ. ಶಿವದೇವಕ್ಕಾರ, ಪಾನಕ ಹಾಕ್ರಿ. ಡಾಕ್ಟರ್ ಬಾಯಿ, ಹೂಂ, ಶುರು ಮಾಡ್ರಿ!”